ಶೇಕಡ 99 ವಸೂಲಾಗುವ ಸಾಲ

ಬೆಳಗ್ಗೆ ಏಳೂವರೆ. ರಾಮನಗರದ ಕಡೆಯ ಒಂದು ರೇಷ್ಮೆ ಊರು. ನೆಂಟರ ಮನೆಗೆಂದು ಹೋಗಿದ್ದವನು ಎದುರು ಮನೆಯ ಜಗಲಿಯಲ್ಲಿ ನಡೆಯುತ್ತಿದ್ದ ಸಂಘದ ಮೀಟಿಂಗ್ ನೋಡುತ್ತ ಕೂತೆ. ಪ್ಲಾಸ್ಟಿಕ್ ಚಾಪೆಯ ಮೇಲೆ ಐದೈದು ಜನರ ಗುಂಪಾಗಿ ಹೆಂಗಸರು. ಹದಿನೈದು ಜನರ ಸಂಘ, ಬಂದವರು ಹದಿನಾಲ್ಕು. ಬೈಕಿನಲ್ಲಿ ಬಂದಿದ್ದ ಕಿರುಸಾಲ ಕಂಪನಿಯ ಹುಡುಗನಿಗೆ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ಇರಬೇಕು. ಕೈಯಲ್ಲಿ ಟ್ಯಾಬ್, ಹೆಗಲಲ್ಲಿ ದುಡ್ಡಿನ ಬ್ಯಾಗು. ಎಂಟಕ್ಕೆ ಅವನು ಪಕ್ಕದೂರಿನಲ್ಲಿ ಇರಬೇಕಂತೆ.

"ಆರ್ನೂರು ಕಮ್ಮಿ ಐತೆ ಕಣಕ್ಕ. ಹುಳ ಹಣ್ಣಾಗೈತೆ, ಚಂದ್ರಂಕಿಗೆ ಬಿಟ್ಟಿದೀನಿ. ಗೂಡು ಮಾರಿದ ದಿನಾನೇ ಕೊಟ್ಬುಡ್ತೀನಿ" ಎಂದಳು ಒಬ್ಬಾಕೆ.

"ಹೋದ ತಿಂಗಳೂ ಇದೇ ಅಂದಿದ್ದೆ" ಎಂದಳು ಸಂಘದ ಮುಂದಾಳು. ಹುಡುಗ ತಲೆ ಎತ್ತಲಿಲ್ಲ. ಅವನು ಬೈಯಲೂ ಇಲ್ಲ, ಬೈಯುವ ಅಗತ್ಯವೇ ಇರಲಿಲ್ಲ. ದುಡ್ಡು ತುಂಬುವವರೆಗೆ ಯಾರೂ ಏಳುವಂತಿಲ್ಲ ಎನ್ನುವುದು ಎಲ್ಲರಿಗೂ ಗೊತ್ತು. ಹಾಲಿಗೆ ಹೋಗಬೇಕಾದವಳು, ಮಗುವನ್ನು ಸ್ಕೂಲಿಗೆ ಕಳಿಸಬೇಕಾದವಳು, ಎಲ್ಲರೂ ಆ ಆರ್ನೂರಕ್ಕಾಗಿ ಕಾದರು. ಕೊನೆಗೆ ಒಬ್ಬಳ ಸೆರಗಿನ ಗಂಟಿನಿಂದ ಇನ್ನೂರು, ಇನ್ನೊಬ್ಬಳ ಎಲೆಅಡಿಕೆ ಚೀಲದಿಂದ ನೂರು, ಹೀಗೆ ಸೇರಿತು. ಬಾರದವಳ ಕಂತನ್ನು ಅವಳ ಓರಗಿತ್ತಿ ತಂದಿದ್ದಳು. ಹುಡುಗ ಎಣಿಸಿ ಟ್ಯಾಬ್ ಒತ್ತಿದ. ಹದಿನೈದು ಹೆಸರಿನ ಮುಂದೆಯೂ ಹಸಿರು ಗುರುತು.

ಆ ಹಸಿರು ಗುರುತು ಶಾಖೆಗೆ ಹೋಗುತ್ತದೆ, ಶಾಖೆಯಿಂದ ಮುಖ್ಯ ಕಚೇರಿಗೆ, ಅಲ್ಲಿಂದ ಸಾಲ ಕೊಟ್ಟ ಬ್ಯಾಂಕಿಗೆ ಮತ್ತು ಷೇರುದಾರರ ಮುಂದಿಡುವ ವರದಿಗೆ. ಆರ್ನೂರು ರೂಪಾಯಿಯ ಕಥೆ ಮಾತ್ರ ಜಗಲಿಯಲ್ಲೇ ಉಳಿಯುತ್ತದೆ.

ನಾಳಿನ ಸಮಾಜಕ್ಕೆ ಎಂಥ ಬಂಡವಾಳಶಾಹಿ ಬೇಕು ಎನ್ನುವ ಚರ್ಚೆ ಸಾಮಾನ್ಯವಾಗಿ ಕೃತಕ ಬುದ್ಧಿಮತ್ತೆ, ಕಾರ್ಬನ್ ತೆರಿಗೆ ಎಂದು ಎತ್ತರದಲ್ಲೇ ಹಾರಾಡುತ್ತದೆ. ನನಗೆ ಈ ಜಗಲಿ ಸಾಕು. ಷೇರುಪೇಟೆಯ ದುಡ್ಡು ಮತ್ತು ಕೂಲಿಯವಳ ಸೆರಗಿನ ಗಂಟು ಇಷ್ಟು ಹತ್ತಿರ ಬರುವ ಜಾಗ ಬೇರೊಂದಿಲ್ಲ. ಇಲ್ಲಿ ನಿಂತರೆ ಎರಡು ಬಗೆಯ ಬಂಡವಾಳ ಬೇರೆಬೇರೆಯಾಗಿ ಕಾಣುತ್ತದೆ. ಒಂದು, ಸಾಲ ಪಡೆದವಳ ದುಡಿಮೆ ಹೆಚ್ಚಿದರೆ ಮಾತ್ರ ಲಾಭ ಕಾಣುವಂಥದು. ಇನ್ನೊಂದು, ಅವಳು ಬೇರೆ ಕಡೆ ಸಾಲ ತಂದು ಕಟ್ಟಿದರೂ ಅಷ್ಟೇ ಲಾಭ ಕಾಣುವಂಥದು. ಕಳೆದ ಇಪ್ಪತ್ತು ವರ್ಷಗಳಲ್ಲಿ ನಾವು ಬೆಳೆಸಿರುವುದು ಬಹುಪಾಲು ಎರಡನೆಯದನ್ನು.

ಸ್ವಲ್ಪ ಲೆಕ್ಕ ಮಾಡೋಣ. 50,000 ರೂಪಾಯಿ ಸಾಲ, 24 ತಿಂಗಳು, ಉಳಿದ ಅಸಲಿನ ಮೇಲೆ ವರ್ಷಕ್ಕೆ ಶೇ 24 ಬಡ್ಡಿ. ಈ ವಲಯದಲ್ಲಿ ಇದೇನೂ ಅತಿಯಾದ ದರವಲ್ಲ. ತಿಂಗಳ ಕಂತು ಸುಮಾರು 2,644 ರೂಪಾಯಿ ಬರುತ್ತದೆ. ಒಂದು ಸಾಲವಾದರೆ ಸುಧಾರಿಸಬಹುದು. ಆದರೆ 2024ರ ಜುಲೈನಲ್ಲಿ ಕಿರುಸಾಲ ಕಂಪನಿಗಳ ಒಕ್ಕೂಟ ಎಂಎಫ್‌ಐಎನ್ ತಾನೇ ಹಾಕಿಕೊಂಡ ಮಿತಿ ಏನಿತ್ತು? ಒಬ್ಬಳಿಗೆ ಹೆಚ್ಚೆಂದರೆ ನಾಲ್ಕು ಕಂಪನಿಗಳ ಸಾಲ, ಒಟ್ಟು 2 ಲಕ್ಷ. ಅಂದರೆ ನಮ್ಮ ಲೆಕ್ಕದ ನಾಲ್ಕು ಸಾಲಗಳು ಆ ಮಿತಿಯೊಳಗೇ ಕೂರುತ್ತವೆ. ತಿಂಗಳಿಗೆ ಸುಮಾರು 10,575 ರೂಪಾಯಿ ಕಂತು. ಆ ವರ್ಷ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 349 ರೂಪಾಯಿ. ತಿಂಗಳ ಮೂವತ್ತೂ ದಿನ, ಒಂದು ಭಾನುವಾರವೂ ಬಿಡದೆ ಮಣ್ಣು ಹೊತ್ತರೂ ಕಂತಿಗೆ ನೂರು ರೂಪಾಯಿ ಕಮ್ಮಿ ಬೀಳುತ್ತದೆ. ಇದು ಮಿತಿ ಮೀರಿದವರ ಕಥೆಯಲ್ಲ, ಮಿತಿಯೊಳಗಿದ್ದವರದು.

ರಿಸರ್ವ್ ಬ್ಯಾಂಕಿನ ನಿಯಮವೂ ಇದೆ. 2022ರ ಏಪ್ರಿಲ್‌ನಿಂದ ಜಾರಿಗೆ ಬಂದ ಚೌಕಟ್ಟಿನಲ್ಲಿ, ವರ್ಷಕ್ಕೆ 3 ಲಕ್ಷದವರೆಗೆ ಆದಾಯವಿರುವ ಮನೆಗೆ ಜಾಮೀನಿಲ್ಲದೆ ಕೊಡುವ ಸಾಲವೇ ಕಿರುಸಾಲ. ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ನೋಡಲು ಚೆಂದದ ನಿಯಮ. ಆದರೆ ಆದಾಯ ಎಷ್ಟು ಎಂದು ಬರೆಯುವವರು ಯಾರು? ಸಾಲ ಕೊಟ್ಟರೆ ಪ್ರೋತ್ಸಾಹಧನ ಸಿಗುವ ಅದೇ ಹುಡುಗ. ಫಾರಂನಲ್ಲಿ 22,000 ಎಂದು ಬರೆದರೆ ನಾಲ್ಕನೆಯ ಸಾಲವೂ ಕಾನೂನುಬದ್ಧ. ನಿಜವಾಗಿ ಬರುತ್ತಿರುವುದು 14,000 ಆದರೆ ಅದರ ಮುಕ್ಕಾಲು ಭಾಗ ಕಂತಿಗೇ ಹೋಯಿತು. ಅದೇ 2022ರ ಚೌಕಟ್ಟು ಬಡ್ಡಿಗಿದ್ದ ಮಿತಿಯನ್ನೂ ತೆಗೆಯಿತು. ಸುಲಿಗೆ ಆಗಬಾರದು ಎಂದಷ್ಟೇ ಹೇಳಿ ದರ ನಿಗದಿಯನ್ನು ಕಂಪನಿಗಳ ಆಡಳಿತ ಮಂಡಳಿಗೆ ಬಿಟ್ಟಿತು.

ಇಲ್ಲಿಂದ ಮುಂದಿನದು ನಿಧಾನವಾಗಿ ನೋಡಬೇಕಾದ ಭಾಗ. ಈ ಮನೆ ಕಂತಿಗೆಂದು ಎತ್ತಿಡಬಲ್ಲದ್ದು 4,000 ಎಂದುಕೊಳ್ಳಿ. ಕಟ್ಟಬೇಕಾದ್ದು 10,575. ಕಮ್ಮಿ ಬಿದ್ದ 6,575 ತುಂಬಲು, ನಾಲ್ಕರ ಮಿತಿಯಾಚೆ ಎಲ್ಲಿಂದಲಾದರೂ, ಅದೇ ದರಕ್ಕೆ ಇನ್ನೊಂದು 50,000 ತರುತ್ತಾಳೆ. ಹೊಸ ಸಾಲದ ಕಂತೂ ಸೇರಿ ಈಗ ಕೊರತೆ 9,219. ತಂದ ಹಣ ಐದು ತಿಂಗಳು ಚಿಲ್ಲರೆ ಬರುತ್ತದೆ. ಮತ್ತೊಂದು ತಂದರೆ ನಾಲ್ಕು ತಿಂಗಳು. ಮತ್ತೊಂದಕ್ಕೆ ಮೂರೂವರೆ. ಪ್ರತಿ ಸಾಲದ ಆಯುಸ್ಸು ಹಿಂದಿನದಕ್ಕಿಂತ ಕಮ್ಮಿ. ಹೀಗೆ ವರ್ಷ ಉರುಳುವಾಗ ಒಂದೇ ಒಂದು ಕಂತೂ ತಪ್ಪಿಲ್ಲ ಎನ್ನುವುದನ್ನು ಗಮನಿಸಿ. ಟ್ಯಾಬಿನಲ್ಲಿ ಎಲ್ಲವೂ ಹಸಿರು. ಒಳ್ಳೆಯ ವರ್ಷಗಳಲ್ಲಿ ಈ ಕಂಪನಿಗಳು ಶೇ 98, 99 ವಸೂಲಿ ಎಂದು ತೋರಿಸಿಕೊಳ್ಳುವಾಗ, ಅದರಲ್ಲಿ ದುಡಿದು ಕಟ್ಟಿದ್ದೆಷ್ಟು, ಸಾಲ ತಂದು ಕಟ್ಟಿದ್ದೆಷ್ಟು ಎಂದು ಆ ಅಂಕಿ ಹೇಳುವುದಿಲ್ಲ. ಹೊಸ ಸಾಲ ಹುಟ್ಟುವುದು ನಿಂತ ದಿನ 99 ಎನ್ನುವುದು ನಿಧಾನವಾಗಿ 95, 90 ಎಂದು ಇಳಿಯುವುದಿಲ್ಲ. ಧೊಪ್ಪನೆ ಬೀಳುತ್ತದೆ.

ಬಿದ್ದದ್ದನ್ನು ಹಲವು ಸಲ ನೋಡಿದ್ದೇವೆ. 2009ರಲ್ಲಿ ಕೋಲಾರ, ಶಿಡ್ಲಘಟ್ಟ, ರಾಮನಗರದಂಥ ರೇಷ್ಮೆ ಪೇಟೆಗಳಲ್ಲಿ ಜನ ಸಾಮೂಹಿಕವಾಗಿ ಕಂತು ಕಟ್ಟುವುದನ್ನು ನಿಲ್ಲಿಸಿದರು. ರೇಷ್ಮೆ ಕಸುಬು ಸೊರಗಿತ್ತು, ಒಂದೊಂದು ಓಣಿಗೂ ಹಲವು ಕಂಪನಿಗಳು ಬಂದು ಕೂತಿದ್ದವು. ಅದನ್ನು ಸ್ಥಳೀಯ ಗಲಾಟೆ ಎಂದು ತಳ್ಳಿಹಾಕಿದರು. ಮರುವರ್ಷ 2010ರ ಆಗಸ್ಟ್‌ನಲ್ಲಿ ಹೈದರಾಬಾದಿನ ಎಸ್‌ಕೆಎಸ್ ಮೈಕ್ರೋಫೈನಾನ್ಸ್ ಷೇರುಪೇಟೆಗೆ ಬಂತು. ಕೊಡಲಿದ್ದ ಷೇರಿಗಿಂತ ಸುಮಾರು 13 ಪಟ್ಟು ಬೇಡಿಕೆ. ಎರಡೇ ತಿಂಗಳಿಗೆ, ಅಕ್ಟೋಬರ್‌ನಲ್ಲಿ, ಸಾಲಗಾರರ ಆತ್ಮಹತ್ಯೆಗಳ ಸುದ್ದಿಯ ನಡುವೆ ಅವಿಭಜಿತ ಆಂಧ್ರ ಸರ್ಕಾರ ಸುಗ್ರೀವಾಜ್ಞೆ ತಂದಿತು. ವಸೂಲಿ ಶೇ 99ರಿಂದ ಶೇ 10ರ ಆಸುಪಾಸಿಗೆ ಕುಸಿಯಿತು. ಅದಕ್ಕೂ ಮೊದಲು, 2007ರಲ್ಲಿ, ಮೆಕ್ಸಿಕೊದ ಕಂಪಾರ್ತಾಮೋಸ್ ಬ್ಯಾಂಕು ಇದೇ ದಾರಿಯಲ್ಲಿ ಷೇರುಪೇಟೆಗೆ ಹೋಗಿತ್ತು. ಅದು ಬಡ ಹೆಂಗಸರಿಂದ ಪಡೆಯುತ್ತಿದ್ದ ಬಡ್ಡಿ ಶೇ 80ಕ್ಕೂ ಮೇಲೆ. ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕಿನ ಮುಹಮ್ಮದ್ ಯೂನುಸ್ ಬಹಿರಂಗವಾಗಿಯೇ ಕಿಡಿಕಾರಿದ್ದರು.

ಕಿರುಸಾಲವನ್ನು ಅಧ್ಯಯನ ಮಾಡುವ ಸಿಜಿಎಪಿ ಎಂಬ ಜಾಗತಿಕ ಸಂಸ್ಥೆ 2010ರಲ್ಲಿ ನಿಕರಾಗುವಾ, ಮೊರಾಕ್ಕೊ, ಬೋಸ್ನಿಯಾ, ಪಾಕಿಸ್ತಾನಗಳ ಕುಸಿತಗಳನ್ನು ಅಕ್ಕಪಕ್ಕ ಇಟ್ಟು ನೋಡಿತು. ನಾಲ್ಕು ದೇಶ, ನಾಲ್ಕು ಭಾಷೆ, ರೋಗಲಕ್ಷಣ ಮಾತ್ರ ಒಂದೇ: ಕೆಲವೇ ಪ್ರದೇಶಗಳಲ್ಲಿ ಕಂಪನಿಗಳ ಕಿಕ್ಕಿರಿದ ಪೈಪೋಟಿ, ಒಬ್ಬರಿಗೇ ಹಲವರ ಸಾಲ, ಬೆಳವಣಿಗೆಯ ವೇಗಕ್ಕೆ ಸಿಬ್ಬಂದಿಯೂ ತಪಾಸಣೆಯೂ ಸಾಲದಾದದ್ದು, ಸಾಲ ಕೊಡುವಾಗಿನ ಶಿಸ್ತು ಸಡಿಲವಾದದ್ದು. ಈ ಪಟ್ಟಿಯನ್ನು 2024ರ ಕರ್ನಾಟಕದ ಮೇಲೆ ಇಟ್ಟು ನೋಡಿದರೆ ಅಳತೆ ಕೊಟ್ಟು ಹೊಲಿಸಿದಂತೆ ಕೂರುತ್ತದೆ.

ದೇಶದ ಕಿರುಸಾಲದ ಬಾಕಿ 2024ರ ಮಾರ್ಚ್‌ಗೆ 4.3 ಲಕ್ಷ ಕೋಟಿ ದಾಟಿತ್ತು. ಅತಿ ಹೆಚ್ಚು ಸಾಲವಿದ್ದ ಐದು ರಾಜ್ಯಗಳಲ್ಲಿ ನಮ್ಮದೂ ಒಂದಾಗಿತ್ತು. ಆ ಅಕ್ಟೋಬರ್‌ನಲ್ಲಿ ಬಡ್ಡಿ ವಿಪರೀತವಾಯಿತೆಂದು ರಿಸರ್ವ್ ಬ್ಯಾಂಕ್ ನಾಲ್ಕು ಹಣಕಾಸು ಕಂಪನಿಗಳ ಹೊಸ ಸಾಲಕ್ಕೆ ತಡೆ ಹಾಕಿತು. 2025ರ ಜನವರಿ ಹೊತ್ತಿಗೆ ಚಾಮರಾಜನಗರ, ಮೈಸೂರು, ರಾಮನಗರ, ಹಾವೇರಿ, ಬೆಳಗಾವಿಗಳಿಂದ, ವಸೂಲಿಯ ಕಾಟಕ್ಕೆ ಊರು ಬಿಟ್ಟವರ ಬೀಗ ಹಾಕಿದ ಮನೆಗಳ ಚಿತ್ರಗಳು ಬಂದವು. ಹಾವೇರಿ ಕಡೆಯ ಹೆಂಗಸರು ಮುಖ್ಯಮಂತ್ರಿಗೆ ಮಾಂಗಲ್ಯ ಅಂಚೆಯಲ್ಲಿ ಕಳಿಸಿದರು. ಫೆಬ್ರುವರಿಯಲ್ಲಿ, ರಾಜ್ಯಪಾಲರು ಒಮ್ಮೆ ವಾಪಸು ಕಳಿಸಿದ ಮೇಲೆ, ಬಲವಂತದ ವಸೂಲಿ ತಡೆಯುವ ಸುಗ್ರೀವಾಜ್ಞೆ ಬಂತು. ಕಿರುಕುಳ ಕೊಟ್ಟರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಅಗತ್ಯವಿದ್ದ ಕಾನೂನೇ. ಆದರೆ ಅದು ಬಾಗಿಲಿಗೆ ಬಂದು ಬೈಯುವವನನ್ನು ಹಿಡಿಯುತ್ತದೆ. ನಾನು ಕಂಡ ಜಗಲಿಯಲ್ಲಿ ಯಾರೂ ಬೈದಿರಲಿಲ್ಲ.

ಹಾಗಾದರೆ ಈ ಸಾಲದಿಂದ ಬಡತನವಾದರೂ ನೀಗುತ್ತದೆಯೇ? ಇದಕ್ಕೆ ಊಹೆ ಬೇಕಿಲ್ಲ, ಪ್ರಯೋಗವೇ ನಡೆದಿದೆ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಹೈದರಾಬಾದಿನ 104 ಬಡ ಬಡಾವಣೆಗಳನ್ನು ಆರಿಸಿ, ಚೀಟಿ ಎತ್ತಿದ ಹಾಗೆ ಅರ್ಧಕ್ಕೆ ಮೊದಲು ಕಿರುಸಾಲ ಬರುವಂತೆ ಮಾಡಿ, ಉಳಿದರ್ಧದ ಜೊತೆ ಹೋಲಿಸಿದರು. ಮೊದಲೇ ವ್ಯಾಪಾರ ಇದ್ದ ಕೆಲವರ ಲಾಭ ಏರಿತು, ಮನೆಗೆ ಬಾಳಿಕೆ ಬರುವ ಸಾಮಾನು ಬಂತು, ಬೀಡಿ ಚಹಾದಂಥ ಖರ್ಚು ಇಳಿಯಿತು. ಮನೆಯ ಒಟ್ಟು ಬಳಕೆ ಏರಲಿಲ್ಲ. ಮಕ್ಕಳ ಓದು, ಆರೋಗ್ಯ, ಮನೆಯಲ್ಲಿ ಹೆಂಗಸಿನ ಮಾತಿಗೆ ಬೆಲೆ, ಯಾವುದರಲ್ಲೂ ಗುರುತಿಸುವಂಥ ಬದಲಾವಣೆ ಕಾಣಲಿಲ್ಲ. 2015ರಲ್ಲಿ ಇದೂ ಸೇರಿ ಆರು ದೇಶಗಳ ಪ್ರಯೋಗಗಳು ಒಟ್ಟಿಗೆ ಪ್ರಕಟವಾದವು. ಫಲ ಹೆಚ್ಚೂಕಮ್ಮಿ ಅದೇ. ಕೆಲವರಿಗೆ ಅನುಕೂಲ, ಯಾರಿಗೂ ಪವಾಡವಿಲ್ಲ.

ಹಾಗೆಂದು ಎಲ್ಲ ಬಂದ್ ಮಾಡಿ ಎನ್ನುವವರು ಇನ್ನೊಂದು ಅಧ್ಯಯನ ನೋಡಬೇಕು. ಎಮಿಲಿ ಬ್ರೆಜಾ, ಸಿಂಥಿಯಾ ಕಿನ್ನನ್ ಇಬ್ಬರು ಆಂಧ್ರದ ಕುಸಿತದ ಅಲೆ ಬೇರೆ ರಾಜ್ಯಗಳಿಗೆ ಹೇಗೆ ಬಡಿಯಿತೆಂದು ಹುಡುಕಿದರು. ಆಂಧ್ರದಲ್ಲಿ ಕೈಸುಟ್ಟುಕೊಂಡ ಕಂಪನಿಗಳು ಹೆಚ್ಚಿದ್ದ ಜಿಲ್ಲೆಗಳಲ್ಲಿ ಸಾಲ ಬತ್ತಿತು, ಕೂಲಿ ದರ ಇಳಿಯಿತು, ಮನೆಗಳ ಖರ್ಚೂ ಇಳಿಯಿತು. ಆ ಕೂಲಿಗಳಲ್ಲಿ ಸಾಲವನ್ನೇ ಮಾಡದವರೂ ಇದ್ದರು. ಅಂದರೆ ತಪ್ಪು ಬಗೆಯ ಬಂಡವಾಳ ಎರಡು ಸಲ ಪೆಟ್ಟು ಕೊಡುತ್ತದೆ, ಉಕ್ಕಿ ಬಂದಾಗ ಒಮ್ಮೆ, ಒಮ್ಮೆಗೇ ಹಿಂದೆ ಸರಿದಾಗ ಇನ್ನೊಮ್ಮೆ. ಬೇಕಿರುವುದು ಸಾಲವೇ. ಯಾವ ಗತಿಯಲ್ಲಿ, ಯಾರ ಹೊಣೆಯಲ್ಲಿ ಎನ್ನುವುದು ಪ್ರಶ್ನೆ.

ಗತಿಯ ಬಗ್ಗೆ ಕೋಲ್ಕತ್ತಾದ ಒಂದು ಪ್ರಯೋಗ ನನಗೆ ಬಹಳ ಹಿಡಿಸಿದ್ದು. ಎರಿಕಾ ಫೀಲ್ಡ್, ರೋಹಿಣಿ ಪಾಂಡೆ ಮತ್ತಿತರರು ಮಾಡಿದ್ದು, 2013ರಲ್ಲಿ ಪ್ರಕಟವಾಯಿತು. ಕೆಲವರಿಗೆ ಎಂದಿನಂತೆ ಸಾಲ ಕೊಟ್ಟ ಎರಡು ವಾರಕ್ಕೇ ಕಂತು ಶುರು, ಉಳಿದವರಿಗೆ ಎರಡು ತಿಂಗಳ ಬಿಡುವು. ಬೇರಾವ ವ್ಯತ್ಯಾಸವೂ ಇಲ್ಲ. ಸುಮಾರು ಮೂರು ವರ್ಷದ ಮೇಲೆ ನೋಡಿದರೆ ಬಿಡುವು ಸಿಕ್ಕವರ ವಾರದ ಲಾಭ ಶೇ 40ರಷ್ಟು ಹೆಚ್ಚು. ಎರಡೇ ವಾರಕ್ಕೆ ಕಂತು ಎಂದರೆ ಸಾಲದ ದುಡ್ಡಿನ ಒಂದು ಪಾಲನ್ನು ಕಂತಿಗೆಂದೇ ಡಬ್ಬದಲ್ಲಿ ಇಟ್ಟುಕೊಳ್ಳಬೇಕಾಗುತ್ತದೆ, ಕಸುಬಿಗೆ ಪೂರ್ತಿ ಹಾಕಲಾಗುವುದಿಲ್ಲ. ರೇಷ್ಮೆ ಹುಳ ಸಾಕಿದವರಿಗೆ ಇದನ್ನು ವಿವರಿಸಬೇಕಿಲ್ಲ. ಮೊಟ್ಟೆ ಒಡೆದು ಗೂಡಾಗಲು ತಿಂಗಳು ಬೇಕು, ನಡುವೆ ರೋಗ ಬಿದ್ದರೆ ಇನ್ನೊಂದು ತಿಂಗಳು. ಆದರೆ ಇದೇ ಪ್ರಯೋಗದ ಇನ್ನೊಂದು ಫಲಿತಾಂಶವನ್ನೂ ಹೇಳಬೇಕು: ಬಿಡುವು ಕೊಟ್ಟವರಲ್ಲಿ ಸಾಲ ಮುಳುಗಿಸಿದವರ ಸಂಖ್ಯೆಯೂ ಏರಿತು. ಸಾಲ ಪಡೆದವರು ಸರಾಸರಿಯಲ್ಲಿ ಗೆದ್ದರು, ಕೊಟ್ಟವರು ಸೋತರು. ಶೇ 99 ಬೇಕು ಎನ್ನುವ ಬಂಡವಾಳ ಈ ಬಿಡುವನ್ನು ಎಂದೂ ಕೊಡದು. ಶೇ 93ಕ್ಕೆ ತೃಪ್ತಿಪಡುವ ಬಂಡವಾಳ ಯಾವುದಾದರೂ ಇದೆಯೇ?

ಇತ್ತು, ನಮ್ಮಲ್ಲೇ. 1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂದ ಮರುವರ್ಷವೇ ಗದಗದ ಪಕ್ಕದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಊರಿನವರನ್ನು ಸೇರಿಸಿ ಕೃಷಿ ಪತ್ತಿನ ಸಂಘ ಕಟ್ಟಿದರು. ಆ ಕಾಯ್ದೆಯಂತೆ ಹಳ್ಳಿಯ ಸಂಘಗಳಲ್ಲಿ ಸದಸ್ಯರ ಹೊಣೆಗೆ ಮಿತಿಯಿರಲಿಲ್ಲ. ಸಾಲ ಮುಳುಗಿದರೆ ಎಲ್ಲರ ಹೊಲಮನೆಗೂ ಬಾಧೆ. ಇವತ್ತಿನ ಸಂಘದ ಸಾಲದಲ್ಲೂ ಒಬ್ಬಳು ತಪ್ಪಿದರೆ ಉಳಿದವರು ಕಟ್ಟಬೇಕು. ಎರಡೂ ಒಂದೇ ಅನ್ನಿಸುತ್ತದೆ, ಆದರೆ ಅಲ್ಲ. ಕಣಗಿನಹಾಳದಲ್ಲಿ ಹೊಣೆ ಹೊತ್ತವರೇ ಸಂಘದ ಒಡೆಯರು. ಯಾರಿಗೆ ಎಷ್ಟು ಸಾಲ, ಯಾವಾಗ ಕಂತು ಎನ್ನುವುದು ಅವರದೇ ತೀರ್ಮಾನ. ಉಳಿದ ಲಾಭವೂ ಸಂಘದ್ದೇ. ಇವತ್ತು ಹೊಣೆ ಜಗಲಿಯ ಹದಿನೈದು ಜನರದು, ಲಾಭ ಆ ಊರಿನ ಹೆಸರೂ ಕೇಳದ ಷೇರುದಾರರದು. ಹೊಣೆಯನ್ನೂ ಲಾಭವನ್ನೂ ಹೀಗೆ ಸೀಳಿದ್ದೇ ಎಲ್ಲದರ ಮೂಲ ಎಂದು ನನಗನ್ನಿಸುತ್ತದೆ. 1980ರ ದಶಕದಲ್ಲಿ ಮೈರಾಡಾ ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲಿ ಬೆಳೆಸಿದ ಸ್ವಸಹಾಯ ಗುಂಪುಗಳು ಈ ಸೀಳನ್ನು ಸ್ವಲ್ಪ ಹೊಲಿದಿದ್ದವು. ಅಲ್ಲಿ ಕಟ್ಟಿದ ಬಡ್ಡಿ ಗುಂಪಿನ ಡಬ್ಬಕ್ಕೇ ಬೀಳುತ್ತಿತ್ತು. 1992ರಲ್ಲಿ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರುಮಾಡಲು ಈ ಅನುಭವವೂ ಒಂದು ಆಧಾರ.

ಸಹಕಾರಿ ಎಂದ ಮಾತ್ರಕ್ಕೆ ಪೂಜೆ ಮಾಡುವವನಲ್ಲ ನಾನು. ಸೊಸೈಟಿ ಚುನಾವಣೆ ಎಂದರೇನೆಂದು ಊರಿನಲ್ಲಿ ಬೆಳೆದವರಿಗೆಲ್ಲ ಗೊತ್ತು. 2020ರಲ್ಲಿ ಬೆಂಗಳೂರಿನ ಒಂದು ಸಹಕಾರಿ ಬ್ಯಾಂಕಿನ ಮುಂದೆ ನಿವೃತ್ತರು ತಮ್ಮದೇ ಠೇವಣಿಗಾಗಿ ಬಿಸಿಲಿನಲ್ಲಿ ಸಾಲು ನಿಂತದ್ದನ್ನೂ ನೋಡಿದ್ದೇವೆ. ಒಡೆತನ ಹತ್ತಿರದಲ್ಲಿದ್ದರೆ ಸಾಲದು, ಲೆಕ್ಕ ನೋಡುವ ಕಣ್ಣು ಹೊರಗಿನದಾಗಿರಬೇಕು. ಆದರೂ ಎರಡರ ರೋಗಕ್ಕೂ ವ್ಯತ್ಯಾಸವಿದೆ. ಸಹಕಾರಿ ಕೆಡುವುದು ಕಳ್ಳರಿಂದ. ಷೇರುಪೇಟೆಯ ಕಿರುಸಾಲ ಯಾರೂ ಕದಿಯದಿದ್ದರೂ, ಕಾಗದದಲ್ಲಿ ಎಲ್ಲವೂ ನಿಯಮದಂತೆಯೇ ಇದ್ದರೂ ಕೆಡುತ್ತದೆ.

ಈಗ ಬರಲಿರುವುದರ ಮಾತು. ಎಂಎಫ್‌ಐಎನ್ ಒಕ್ಕೂಟದ ಮಿತಿ ನಾಲ್ಕರಿಂದ ಮೂರು ಕಂಪನಿಗಳಿಗೆ ಇಳಿದಿದೆ. ದೇಶದ ಕಿರುಸಾಲದ ಬಾಕಿ 2025ರ ಮಾರ್ಚ್‌ಗೆ 4 ಲಕ್ಷ ಕೋಟಿಗಿಂತ ಕೆಳಗೆ ಬಂತು. ಜ್ವರ ಇಳಿಯಿತು ಎಂದು ಕೆಲವರು ನಿಟ್ಟುಸಿರು ಬಿಟ್ಟರು. ಆದರೆ ಮನೆಯ ಕೊರತೆ ಹಾಗೇ ಇದೆ, ಸಾಲ ಬಾಗಿಲು ಬದಲಿಸಿದೆಯಷ್ಟೆ. ಬ್ಯಾಂಕುಗಳ ಚಿನ್ನಾಭರಣ ಸಾಲ 2025ರ ಮಾರ್ಚ್‌ಗೆ ಕೊನೆಯಾದ ವರ್ಷದಲ್ಲಿ ಇಮ್ಮಡಿಯಾಯಿತು. ಚಿನ್ನದ ಬೆಲೆ ಏರಿದ್ದು, ಕೆಲವು ಸಾಲಗಳ ಲೆಕ್ಕದ ಶೀರ್ಷಿಕೆ ಬದಲಾದದ್ದು ಇದಕ್ಕೆ ಕಾರಣ ಹೌದು. ಅದೊಂದೇ ಎಂದು ನಾನು ನಂಬಲಾರೆ. ದೇಶದ ಮನೆಗಳ ಒಟ್ಟು ಸಾಲ 2024ರ ಕೊನೆಗೆ ಜಿಡಿಪಿಯ ಸುಮಾರು ಶೇ 42. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮನೆ ಕಟ್ಟಲು ತಂದದ್ದಲ್ಲ. ಕೈಸಾಲ, ಚೀಟಿ, ಮೀಟರ್ ಬಡ್ಡಿ ಇದಾವುದೂ ಸಾಲಗಳ ಲೆಕ್ಕವಿಡುವ ಕ್ರೆಡಿಟ್ ಬ್ಯೂರೋದ ಕಣ್ಣಿಗೆ ಬೀಳುವುದಿಲ್ಲ.

ಇತ್ತ ಕಂಪನಿಗಳಿಗೆ ಹಣ ಹರಿಯುವ ಕಾಲುವೆಯ ತೂಬು ಮತ್ತೆ ಎತ್ತಲಾಗಿದೆ. ಬ್ಯಾಂಕುಗಳು ಹಣಕಾಸು ಕಂಪನಿಗಳಿಗೆ ಕೊಡುವ ಸಾಲಕ್ಕೆ ಹೆಚ್ಚು ಬಂಡವಾಳ ಎತ್ತಿಡಬೇಕೆಂದು 2023ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಬಿಗಿಮಾಡಿತ್ತು, 2025ರ ಫೆಬ್ರುವರಿಯಲ್ಲಿ ಅದನ್ನು ಹಿಂತೆಗೆಯಿತು. ಕಿರುಸಾಲ ಕಂಪನಿಗಳ ಆಸ್ತಿಯಲ್ಲಿ ಶೇ 75 ಕಿರುಸಾಲವೇ ಇರಬೇಕೆಂಬ ನಿಯಮ ಜೂನ್‌ನಲ್ಲಿ ಶೇ 60ಕ್ಕೆ ಇಳಿಯಿತು. ಉಳಿದ ಶೇ 40ರಲ್ಲಿ ಅವು ಒಂಟಿ ಸಾಲ, ಚಿನ್ನದ ಸಾಲ, ಫೋನಿನಲ್ಲೇ ಮುಗಿಯುವ ಸಾಲ ಕೊಡಬಹುದು. ಹಳೆಯ ಗುಂಪು ಸಾಲದಲ್ಲಿ ಕೊನೇಪಕ್ಷ ಜಗಲಿ ಇತ್ತು, ಆರ್ನೂರು ಕಮ್ಮಿ ಬಿದ್ದದ್ದು ಹದಿನಾಲ್ಕು ಜನರಿಗೆ ಗೊತ್ತಾಗುತ್ತಿತ್ತು. ಫೋನಿನ ಸಾಲದಲ್ಲಿ ಅದೂ ಇಲ್ಲ. 2010ರಿಂದ 2024ಕ್ಕೆ ಹದಿನಾಲ್ಕು ವರ್ಷದ ಅಂತರವಿತ್ತು. ಮುಂದಿನ ಕುಸಿತ ಅಷ್ಟು ಕಾಯಿಸುತ್ತದೆ ಎಂದು ನನಗೆ ಕಾಣುವುದಿಲ್ಲ. ಒಂದೆರಡು ಮಳೆ ಕೈಕೊಟ್ಟರೆ ಅಥವಾ ಚಿನ್ನದ ಬೆಲೆ ಜಾರಿದರೆ ಸಾಕು. ಆಗ ಮುಳುಗುವುದು ಕಂತಿನ ಜೊತೆಗೆ ಓಲೆಯೂ.

ಅಳತೆಗೋಲು ಬದಲಿಸುವುದರಿಂದ ಶುರು ಮಾಡಬಹುದು. ಬ್ಯಾಂಕುಗಳು ಆದ್ಯತಾ ವಲಯದ ಗುರಿ ಮುಟ್ಟಲು ಈ ಕಂಪನಿಗಳ ಸಾಲವನ್ನು ಕೊಳ್ಳುತ್ತವೆ. ಹಾಗೆ ಕೊಳ್ಳುವಾಗ ವಸೂಲಿ ಎಷ್ಟು ಎಂದು ಕೇಳುವ ಬದಲು ಸಾಲ ಪಡೆದ ಮನೆಗಳ ಆದಾಯ ಎರಡು ವರ್ಷದಲ್ಲಿ ಏನಾಯಿತು ಎಂದು ಕೇಳಬೇಕು, ಅದನ್ನು ಕಂಪನಿಯಲ್ಲದ ಬೇರೆಯವರು ಮಾದರಿ ಸಮೀಕ್ಷೆ ಮಾಡಿ ಹೇಳಬೇಕು. ಇನ್ನೊಂದು: ಮನೆ ಮುಳುಗಿದಾಗ ಎಲ್ಲರಿಗಿಂತ ಕೊನೆಗೆ ಸಾಲ ಕೊಟ್ಟವನ ಬಾಕಿ ಮೊದಲು ಮನ್ನಾ ಆಗಬೇಕು. ಮೂರು ಸಾಲ ಇರುವುದನ್ನು ನೋಡಿಯೂ ನಾಲ್ಕನೆಯದನ್ನು ಕೊಟ್ಟವನು ಅದರ ನಷ್ಟವನ್ನೂ ಹೊರಲಿ. ಹೀಗೊಂದು ನಿಯಮವಿದ್ದರೆ ಆದಾಯದ ಕಾಲಂನಲ್ಲಿ 22,000 ಎಂದು ಬರೆಯುವ ಕೈ ಸ್ವಲ್ಪ ತಡೆಯುತ್ತಿತ್ತು.

ಆ ಬೆಳಗ್ಗೆ ಹುಡುಗ ಬೈಕ್ ಹತ್ತಿ ಹೋದ ಮೇಲೆ ಹೆಂಗಸರು ಚಾಪೆ ಮಡಚಿ ಎದ್ದರು. ಆಗ ನೋಡಿದೆ. ಹದಿನಾಲ್ಕು ಜನರಲ್ಲಿ ಐವರ ಕಿವಿಯಲ್ಲಿ ಓಲೆಯಿರಲಿಲ್ಲ. ತೂತು ಮುಚ್ಚಿಹೋಗದಿರಲೆಂದು ಹಂಚಿಕಡ್ಡಿ ಚೂರು ಸಿಕ್ಕಿಸಿಕೊಂಡಿದ್ದರು. ಟ್ಯಾಬಿನಲ್ಲಿ ಅದಕ್ಕೆ ಕಾಲಂ ಇಲ್ಲ.